ಬಾರದ ಪ್ರಳಯ, ಮರೆಯಲ್ಲಿದ್ದ ವೀಕ್ಷಕರು: ಒಂದು ಮನಶ್ಶಾಸ್ತ್ರೀಯ ಅಧ್ಯಯನ ಮತ್ತು ದೈವಶಾಸ್ತ್ರ

ಶಿಷ್ಯರ ಪುನರುತ್ಥಾನ ವಿಶ್ವಾಸಕ್ಕೆ ಮನಶ್ಶಾಸ್ತ್ರೀಯ ಕಾರಣವನ್ನು ನೀಡುವ ಒಂದು ವಾದವು ಕಳೆದ ಐವತ್ತು ವರ್ಷಗಳಿಂದ ಬೈಬಲ್ ಅಧ್ಯಯನದಲ್ಲಿ ಬಳಕೆಯಲ್ಲಿದೆ. ಶಿಲುಬೆಯು ಶಿಷ್ಯರ ನಿರೀಕ್ಷೆಯನ್ನು ಮುರಿಯಿತು. ಆ ಆಂತರಿಕ ಸಂಕಟವನ್ನು ತಾಳಲಾರದೆ ಅವರು ಇತರರನ್ನು ನಂಬಿಸಲು ಹೊರಟರು. ಶುಭಸಂದೇಶ ಪ್ರಸಾರದ ಮೂಲ ಇದೇ ಎಂಬುದು ಆ ವಾದದ ಸಾರ. ಇದು 1956ರಲ್ಲಿ ಪ್ರಕಟವಾದ ‘ವೆನ್ ಪ್ರಾಫೆಸಿ ಫೇಲ್ಸ್’ ಎಂಬ ಗ್ರಂಥವನ್ನು ಬಹುಮಟ್ಟಿಗೆ ಆಧರಿಸಿದೆ. ಆ ಗ್ರಂಥದ ಸಾಕ್ಷ್ಯವನ್ನು ಹೇಗೆ ಸಂಗ್ರಹಿಸಲಾಯಿತು ಎಂಬುದನ್ನು ನಾವು ಇಲ್ಲಿ ಪರಿಶೀಲಿಸಲಿದ್ದೇವೆ.

1954ರಲ್ಲಿ ಅಮೆರಿಕದ ಷಿಕಾಗೊ ನಗರದ ಹೊರವಲಯದಲ್ಲಿ ಗೃಹಿಣಿಯೊಬ್ಬರು ಅನ್ಯಲೋಕದ ಜೀವಿಗಳಿಂದ ತಮಗೆ ಲಿಖಿತ ಸಂದೇಶಗಳು ಬರುತ್ತಿವೆ ಎಂದು ಹೇಳಿಕೊಂಡರು. ಗ್ರಂಥದಲ್ಲಿ ಅವರಿಗೆ ಮೇರಿಯನ್ ಕೀಚ್ ಎಂಬ ಕಲ್ಪಿತ ಹೆಸರಿದೆ. ಡಿಸೆಂಬರ್ 21ರಂದು ಮಹಾಪ್ರವಾಹ ಬರುವುದು, ಅದಕ್ಕೆ ಮುನ್ನ ಹಾರುವ ತಟ್ಟೆಯೊಂದು ನಂಬಿದವರನ್ನು ಕೊಂಡೊಯ್ಯುವುದು ಎಂಬುದು ಅವರ ಭವಿಷ್ಯವಾಣಿ. ಮಿನೆಸೋಟ ವಿಶ್ವವಿದ್ಯಾಲಯದ ಲಿಯಾನ್ ಫೆಸ್ಟಿಂಗರ್, ಹೆನ್ರಿ ರೀಕೆನ್ ಮತ್ತು ಸ್ಟ್ಯಾನ್ಲಿ ಷಾಕ್ಟರ್ ತಾವು ನೇಮಿಸಿದ ವೀಕ್ಷಕರೊಡನೆ, ಗುರುತನ್ನು ಮರೆಮಾಚಿ, ನಂಬಿದವರಂತೆ ಈ ಗುಂಪನ್ನು ಸೇರಿದರು.

ಪ್ರವಾಹ ಬರಲಿಲ್ಲ. ಗುಂಪಿನ ಬೆಳಕಿನಿಂದಾಗಿ ಲೋಕವು ಉಳಿಯಿತೆಂಬ ಹೊಸ ಸಂದೇಶ ಮುಂಜಾನೆಗೆ ಮೊದಲೇ ಬಂದಿತು. ಅದುವರೆಗೆ ಪ್ರಚಾರದಿಂದ ಬಹುಮಟ್ಟಿಗೆ ದೂರವಿದ್ದ ಗುಂಪು ಈಗ ತಾನಾಗಿಯೇ ಪತ್ರಿಕೆಗಳಿಗೆ ದೂರವಾಣಿ ಕರೆ ಮಾಡಿತು ಎಂದು ಗ್ರಂಥಕರ್ತರು ವರದಿ ಮಾಡುತ್ತಾರೆ. ನಿರೀಕ್ಷೆ ಹುಸಿಯಾದಾಗ ನಂಬಿಕೆ ಕುಸಿಯುವ ಬದಲು ಪ್ರಚಾರದ ಉತ್ಸಾಹ ಹೆಚ್ಚಬಹುದು ಎಂಬ ಅವರ ಊಹೆಗೆ ಇದು ಆಧಾರವಾಯಿತು. 1957ರಲ್ಲಿ ಫೆಸ್ಟಿಂಗರ್ ಪ್ರಕಟಿಸಿದ ‘ಅರಿವಿನ ವಿಸಂಗತಿ’ಯ ಸಿದ್ಧಾಂತವು ಮನಶ್ಶಾಸ್ತ್ರದಲ್ಲಿ ಪ್ರಮುಖ ಸ್ಥಾನವನ್ನು ಪಡೆಯಿತು.

ಗ್ರಂಥದ ಕೊನೆಯಲ್ಲಿ ಸಂಶೋಧನಾ ವಿಧಾನವನ್ನು ಕುರಿತ ಅನುಬಂಧವೊಂದಿದೆ. ಗ್ರಂಥವನ್ನು ಉಲ್ಲೇಖಿಸುವ ಅನೇಕರು ಈ ಪುಟಗಳತ್ತ ಗಮನ ಕೊಡುವುದಿಲ್ಲ. ಗುಂಪಿಗೆ ಪ್ರವೇಶ ಪಡೆಯಲು ವೀಕ್ಷಕರು ಕಟ್ಟುಕಥೆಗಳನ್ನು ಹೇಳಿದರು. ಉಕ್ಕುವ ನೀರಿನಿಂದ ಒಬ್ಬ ಪುರುಷನು ತನ್ನನ್ನು ಮೇಲೆತ್ತಿದ ಕನಸು ಕಂಡೆನೆಂದು ಒಬ್ಬಾಕೆ ಹೇಳಿದಳು. ಸದಸ್ಯರು ಅದನ್ನು ತಮ್ಮ ನಂಬಿಕೆಗೆ ದೊರೆತ ದೃಢೀಕರಣವೆಂದು ಸ್ವೀಕರಿಸಿದರು. ಅಪರಿಚಿತರು ಹೀಗೆ ಬಂದು ಸೇರಿದುದೂ ಅವರಿಗೆ ಒಂದು ಸೂಚನೆಯಾಗಿಯೇ ಕಂಡಿತು. ಟಿಪ್ಪಣಿಗಳನ್ನು ಗುಟ್ಟಾಗಿ, ಸ್ನಾನಗೃಹಕ್ಕೆ ಹೋದಾಗಲೂ, ಬರೆದುಕೊಳ್ಳಬೇಕಾಯಿತು. ತಮ್ಮ ಉಪಸ್ಥಿತಿಯು ಗುಂಪಿನ ಮೇಲೆ ಪ್ರಭಾವ ಬೀರಿತೆಂದು ಗ್ರಂಥಕರ್ತರೇ ಅಲ್ಲಿ ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಅವರು ಅಳೆದ ನಂಬಿಕೆಯಲ್ಲಿ ಗುಂಪಿನದೆಷ್ಟು, ವೀಕ್ಷಕರು ಬಿತ್ತಿದುದೆಷ್ಟು? ಇದನ್ನು ಬೇರ್ಪಡಿಸುವ ಉಪಾಯ ಆ ಸಾಕ್ಷ್ಯದಲ್ಲಿ ಇಲ್ಲ.

1962ರಲ್ಲಿ ಜೇನ್ ಹಾರ್ಡಿಕ್ ಮತ್ತು ಮಾರ್ಷಾ ಬ್ರೇಡನ್ ಮತ್ತೊಂದು ಗುಂಪಿನ ಅಧ್ಯಯನವನ್ನು ಪ್ರಕಟಿಸಿದರು. ಅಣುದುರಂತವನ್ನು ನಿರೀಕ್ಷಿಸಿ 42 ದಿನಗಳ ಕಾಲ ನೆಲಮಾಳಿಗೆಯ ಆಶ್ರಯಗಳಲ್ಲಿದ್ದ ಆ ಜನರು, ದುರಂತ ಸಂಭವಿಸದಿದ್ದರೂ ನಂಬಿಕೆಯನ್ನು ಬಿಡಲಿಲ್ಲ. ಆದರೆ ಇತರರನ್ನು ಸೆಳೆಯಲು ಹೊರಡಲೂ ಇಲ್ಲ. ಮೊದಲ ತೀರ್ಮಾನವು ಸಾರ್ವತ್ರಿಕ ನಿಯಮವಲ್ಲವೆಂಬುದಕ್ಕೆ ಇಷ್ಟೇ ಸಾಕು.

ಆದರೂ 1975ರಲ್ಲಿ ಜಾನ್ ಗೇಜರ್ ಈ ಸಿದ್ಧಾಂತವನ್ನು ಆದಿ ಕ್ರೈಸ್ತ ಸಮುದಾಯಕ್ಕೂ, 1979ರಲ್ಲಿ ರಾಬರ್ಟ್ ಕ್ಯಾರಲ್ ಹಳೆಯ ಒಡಂಬಡಿಕೆಯ ಪ್ರವಾದಿಗಳಿಗೂ ಅನ್ವಯಿಸಿದರು. ಗಮನಾರ್ಹವೆಂದರೆ, ಫೆಸ್ಟಿಂಗರ್ ಮತ್ತು ಸಂಗಡಿಗರು ತಮ್ಮ ಮೊದಲ ಅಧ್ಯಾಯದಲ್ಲಿ ಕ್ರೈಸ್ತಧರ್ಮದ ಉಗಮವನ್ನು ಪ್ರಸ್ತಾಪಿಸಿದ್ದರೂ, ಐತಿಹಾಸಿಕ ಸಾಕ್ಷ್ಯವು ವಿವಾದಾಸ್ಪದವೆಂದು ಅದನ್ನು ನಿರ್ಣಾಯಕ ಉದಾಹರಣೆಯಾಗಿ ಬಳಸಲಿಲ್ಲ. ಮನಶ್ಶಾಸ್ತ್ರಜ್ಞರು ಇಟ್ಟ ಅಂಕುಶವನ್ನು ಎರವಲು ಪಡೆದವರು ಸಡಿಲಿಸಿದರು.

ಇಲ್ಲಿ ನಮ್ಮ ಪೂರ್ವಗ್ರಹದ ಬಗೆಗೂ ನಾವು ಎಚ್ಚರದಿಂದಿರಬೇಕು. ತೀರ್ಮಾನವು ನಮಗೆ ರುಚಿಸದೆಂಬ ಕಾರಣಕ್ಕೆ ವಿಧಾನದಲ್ಲಿ ದೋಷ ಹುಡುಕಿ ಸಮಾಧಾನಪಟ್ಟರೆ ನಾವೂ ಅದೇ ತಪ್ಪಿನಲ್ಲಿ ಭಾಗಿಗಳು. ಅಧ್ಯಯನದ ದೌರ್ಬಲ್ಯದಿಂದ ಪುನರುತ್ಥಾನವು ಸಾಬೀತಾಗುವುದಿಲ್ಲ. ಎಮ್ಮಾವುವಿನ ಹಾದಿಯಲ್ಲಿದ್ದ ಶಿಷ್ಯರ ನಿರಾಶೆ ನಿಜವಾದುದು. ಅದರ ಮಾನಸಿಕ ಆಯಾಮವನ್ನು ಕೇಳುವುದು ನ್ಯಾಯಯುತವೇ ಆಗಿದೆ. ಆದರೆ ಸಿದ್ಧಾಂತಕ್ಕೆ ಹೊಂದದ ನಿದರ್ಶನವನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಬೇಕು. ಸಂತ ಪೌಲರು ಯೇಸುವಿನ ಮೇಲೆ ನಿರೀಕ್ಷೆಯಿಟ್ಟು ನಿರಾಶರಾದವರಲ್ಲ. ಅವರು ಧರ್ಮಸಭೆಯನ್ನು ಹಿಂಸಿಸುತ್ತಿದ್ದವರು. ಹುಸಿಯಾದ ನಿರೀಕ್ಷೆಯ ವಿವರಣೆ ಅವರಿಗೆ ಸಲ್ಲುವುದಿಲ್ಲ.

ಹೊಂದದ ನಿದರ್ಶನವನ್ನು ಬೇಕೆಂದೇ ಅರಸುವ ಈ ಕ್ರಮವನ್ನು ಗುಣಾತ್ಮಕ ಸಂಶೋಧನೆಯು ತನ್ನ ನಿಯಮಗಳಲ್ಲಿ ಸೇರಿಸಿಕೊಂಡಿದೆ. ಇವಾನಾ ಲಿಂಕನ್ ಮತ್ತು ಎಗಾನ್ ಗೂಬಾ 1985ರ ತಮ್ಮ ಗ್ರಂಥದಲ್ಲಿ ಇದರೊಡನೆ ಇನ್ನೂ ಕೆಲವನ್ನು ವಿವರಿಸಿದರು: ಒಂದೇ ಸಂಗತಿಯನ್ನು ಹಲವು ಮೂಲಗಳಿಂದ ಪರೀಕ್ಷಿಸುವುದು, ತೀರ್ಮಾನವನ್ನು ಮಾಹಿತಿ ಕೊಟ್ಟವರ ಮುಂದೆಯೇ ಇಟ್ಟು ಕೇಳುವುದು, ಸಂಶೋಧಕನು ತನ್ನ ನಿಲುವು ಬದಲಾದ ಬಗೆಯನ್ನು ದಿನಚರಿಯಲ್ಲಿ ದಾಖಲಿಸುವುದು.

ನಮ್ಮ ಗುರುಮಠಗಳ ವಿದ್ಯಾರ್ಥಿಗಳು ಧರ್ಮಕೇಂದ್ರಗಳಿಗೆ ಹೋಗಿ ಭಕ್ತರನ್ನು ಸಂದರ್ಶಿಸುವಾಗ ಈ ನಿಯಮಗಳು ಅವರೊಡನಿರಲಿ. ಭಾವಿ ಯಾಜಕನು ಕೇಳಿದಾಗ ಭಕ್ತರು ಆತನಿಗೆ ಮೆಚ್ಚುಗೆಯಾಗುವ ಉತ್ತರವನ್ನೇ ಕೊಡುವ ಸಂಭವ ಹೆಚ್ಚು. ಗುರುತನ್ನು ಮರೆಮಾಚುವುದು ಇದಕ್ಕೆ ಪರಿಹಾರವಲ್ಲ. 1954ರ ಗುಂಪು ಅದನ್ನು ತೋರಿಸಿಕೊಟ್ಟಿದೆ. ತಾನು ಯಾರು, ಏಕೆ ಕೇಳುತ್ತಿದ್ದೇನೆ ಎಂಬುದನ್ನು ಮೊದಲೇ ತಿಳಿಸಿ, ತನ್ನ ಪ್ರಭಾವವನ್ನೂ ಪ್ರಬಂಧದಲ್ಲಿ ಬರೆದಿಡುವುದು ಸತ್ಯಕ್ಕೆ ಹತ್ತಿರವಾದ ದಾರಿ. ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯು ಸಂಶೋಧಕನಿಗೂ ಅನ್ವಯಿಸುತ್ತದೆ. ಆತನು ಅಧ್ಯಯನ ಮಾಡುವ ವ್ಯಕ್ತಿಯೂ ಆತನ ನೆರೆಯವನೇ.