ಹಳೆ ಮೆಟ್ಟು, ಅಸಲಿ ಹೆಸರು

ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಕೊಲ್ಹಾಪುರಿ ಅಂತ ಮಾರುವ ಚಪ್ಪಲಿಗಳಲ್ಲಿ ಎಷ್ಟೋ ರೆಕ್ಸಿನ್ನಿನವು. ಮಾರುವವನಿಗೆ ಅದು ಗೊತ್ತು, ಚೌಕಾಸಿ ಮಾಡಿ ಕೊಳ್ಳುವವರಿಗೂ ಗೊತ್ತು. ಹಾಗಾದರೆ ಇಲ್ಲಿ ಮೋಸ ಹೋದವರು ಯಾರು? ಈ ಪ್ರಶ್ನೆಯನ್ನು ಕಂಪನಿಗಳು ಕೇಳುವ ರೀತಿ ಒಂದು, ದಲಿತ ವಿಮರ್ಶೆ ಕೇಳಬೇಕಾದ ರೀತಿ ಇನ್ನೊಂದು.

ಕಂಪನಿಗಳ ವಾದ ಸರಳವಾಗಿದೆ. ಪರಿಸರಕ್ಕೆ ಒಗ್ಗುವ ಪಾದರಕ್ಷೆ ದುಬಾರಿ. ಹೆಸರಿನ ಆಸೆ ಇದ್ದು ಕಾಸಿಲ್ಲದವರ ನಡುವೆ ನಕಲಿ ಬೆಳೆಯುತ್ತದೆ. ಆದ್ದರಿಂದ ಮೆಟ್ಟಿದ ಜೋಡನ್ನು ಕಂಪನಿಯೇ ವಾಪಸ್ ಪಡೆದು, ತೊಳೆದು, ರಿಪೇರಿ ಮಾಡಿ, ಅಸಲಿಯೆಂದು ಮುದ್ರೆ ಒತ್ತಿ ಕಡಿಮೆ ಬೆಲೆಗೆ ಮತ್ತೆ ಮಾರಬೇಕು. ಅಮೆರಿಕದಲ್ಲಿ ನೈಕಿ 2021ರಲ್ಲಿ, ಆಲ್‌ಬರ್ಡ್ಸ್ 2022ರಲ್ಲಿ ಈ ದಾರಿ ಹಿಡಿದವು. ನಕಲಿಗೆ ಎರಡನೇ ಬೆಲೆ ಅಂತ ಒಂದಿಲ್ಲ, ಅಸಲಿಗೆ ಇದೆ. ಆ ಎರಡನೇ ಬೆಲೆಯೇ ನಕಲಿಯ ಎದುರು ನಿಲ್ಲುವ ಆಯುಧ. ಲೆಕ್ಕವಾಗಿ ಇದು ಸರಿಯೇ. ಆದರೆ 'ಹಳೆಯದು' ಮತ್ತು 'ಅಸಲಿ' ಅನ್ನೋ ಎರಡು ಮಾತುಗಳಿಗೂ ನಮ್ಮಲ್ಲಿ ಜಾತಿಯ ಚರಿತ್ರೆ ಇದೆ ಅನ್ನೋದು ಈ ಲೆಕ್ಕದಲ್ಲಿ ಬರುವುದಿಲ್ಲ.

ಹಳೆಯದನ್ನು ಉಡುವುದು ಇಲ್ಲಿ ಯಾವತ್ತೂ ಬರೀ ಉಳಿತಾಯ ಆಗಿರಲಿಲ್ಲ. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಾಂಡಾಲರಿಗೆ ಸತ್ತವರ ಬಟ್ಟೆಯನ್ನೇ ಉಡುಗೆಯಾಗಿ ವಿಧಿಸುತ್ತದೆ, ಒಡೆದ ಪಾತ್ರೆಯಲ್ಲಿ ಉಣ್ಣಬೇಕೆನ್ನುತ್ತದೆ. ಇನ್ನೊಬ್ಬರು ಬಿಟ್ಟದ್ದನ್ನು ತೊಡುವುದೇ ಕೆಳಗಿನವರ ಗುರುತು ಅಂತ ಶಾಸ್ತ್ರವೇ ಹೇಳಿದ ಮೇಲೆ ಊರು ಅದನ್ನು ಪಾಲಿಸದೆ ಇದ್ದೀತೆ? ಮೇಲ್ಜಾತಿಯ ಬೀದಿಯಲ್ಲಿ ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿದು ನಡೆದವರು, ಆ ಮೆಟ್ಟನ್ನು ಹೊಲಿದವರ ಕೇರಿಯವರೇ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಹೆಂಗಸರಿಗೆ, ಜಾತಿಯನ್ನು ಗುರುತು ಹಿಡಿಸುವ ಹಳೆಯ ಉಡುಗೆ ಆಭರಣಗಳನ್ನು ಬಿಡಿ ಅಂದರು. ಹೊಸದನ್ನು ಕೊಳ್ಳುವುದರಲ್ಲಿ ಘನತೆ ಇದೆ ಅನ್ನೋದು ದಲಿತ ಚಳವಳಿಯ ಹಳೆಯ ಅರಿವು. ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿ ಇರುವ ಹಳ್ಳಿಯ ಹುಡುಗ ಫುಟ್‌ಪಾತಿನಲ್ಲಿ ಸುಳ್ಳು ಹೆಸರಿನ ಹೊಸ ಬೂಟು ಕೊಳ್ಳುತ್ತಾನೆ, ಶ್ರೀಮಂತರು ಮೆಟ್ಟಿ ಬಿಟ್ಟ ಅಸಲಿಯನ್ನು ಒಲ್ಲೆ ಅನ್ನುತ್ತಾನೆ ಅಂದರೆ ಅದು ಅಜ್ಞಾನ ಅಲ್ಲ. (ಭೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಊರುಗಳು ಸವೆದು ಮೂರಕ್ಷರವಾದ ಬಡಾವಣೆ ಅದು. ಅಸಲಿ ಹೆಸರಿನ ಮಾತನ್ನು ಅಲ್ಲಿ ಆಡುವುದೇ ಕಷ್ಟ.)

ಇನ್ನು ಅಸಲಿಯ ಮಾತು. ಕೊಲ್ಹಾಪುರಿ ಅನ್ನುವ ಚಪ್ಪಲಿಯನ್ನು ನಮ್ಮ ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ತಲೆಮಾರುಗಳಿಂದ ಹೊಲಿಯುತ್ತಾ ಬಂದಿದ್ದಾರೆ. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ತೊಗಲು, ತೊಗಲಿನದೇ ದಾರ, ಮೊಳೆ ಇಲ್ಲ. ಕಂಪನಿಗಳು ಇವತ್ತು ಸುಸ್ಥಿರ ಅಂತ ಕರೆಯುವುದನ್ನು ಇವರು ಆ ಪದ ಹುಟ್ಟುವ ಮೊದಲೇ ಮಾಡುತ್ತಿದ್ದರು, ಅದಕ್ಕೆ ಸಿಕ್ಕಿದ್ದು ಅಸ್ಪೃಶ್ಯತೆ. ಚಪ್ಪಲಿಗೆ ಹೆಸರು ಬಂದದ್ದು ಮಾರಿದ ಪೇಟೆಯಿಂದ, ಮಾಡಿದ ಕೈಯಿಂದ ಅಲ್ಲ. 2018ರ ಡಿಸೆಂಬರಿನಲ್ಲಿ ಭೌಗೋಳಿಕ ಸೂಚಕ ಸಿಕ್ಕಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಆ ಕಾನೂನು ಕಾಯುವುದು ಜಾಗವನ್ನು. ಜಾತಿಯ ಶ್ರಮವನ್ನು ಅದು ಭೂಗೋಳವಾಗಿ ಮಾರ್ಪಡಿಸಿ ನೋಡುತ್ತದೆ.

ಮಾಡಿದವನ ಹೆಸರು ಉಳಿದ ಒಂದು ಜೋಡು ನಮ್ಮ ನೆನಪಿನಲ್ಲಿದೆ. ಕಲ್ಯಾಣದ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದರು, ಬಸವಣ್ಣ ಅದನ್ನು ಮೆಟ್ಟಲಿಲ್ಲ ಅನ್ನುತ್ತದೆ ಐತಿಹ್ಯ. ಇದನ್ನು ಭಕ್ತಿಯ ಅತಿರೇಕವೆಂದು ಓದಿ ಮುಗಿಸಿದವರೇ ಹೆಚ್ಚು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಅಲ್ಲಿ ಜೋಡಿಗೆ ಊರಿನ ಹೆಸರಿಲ್ಲ, ಮೆಟ್ಟುವವನ ಹೆಸರೂ ಇಲ್ಲ, ಸಮಗಾರನ ಹೆಸರೇ ಇದೆ.

2025ರ ಜೂನಿನಲ್ಲಿ ಮಿಲಾನಿನ ವೇದಿಕೆಯ ಮೇಲೆ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನು ಬರೀ ಚರ್ಮದ ಸ್ಯಾಂಡಲ್ ಅಂತ ತೋರಿಸಿತು. ಗಲಾಟೆಯಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಲಿಡ್ಕರ್ ಜೊತೆ ಒಪ್ಪಂದ ಆಯಿತು: ಎರಡು ಸಾವಿರ ಜೋಡು, ಒಂದೊಂದಕ್ಕೆ ಸುಮಾರು 800 ಯೂರೋ. ಫುಟ್‌ಪಾತಿನವನು ಮಾಡಿದರೆ ನಕಲಿ, ಮಿಲಾನಿನವನು ಮಾಡಿದರೆ ಸ್ಫೂರ್ತಿ!

ಈಗ ಮರುಮಾರಾಟಕ್ಕೆ ಬರೋಣ. ಹಳೆ ಜೋಡಿಗೆ ಮರುಜೀವ ಕೊಡುವವರು ದಕ್ಷಿಣ ಬೆಂಗಳೂರಿಗೆ ಹೊಸಬರಲ್ಲ. 1948ರಲ್ಲಿ ರಾಜಾಜಿ ಅಡಿಗಲ್ಲು ಹಾಕಿದ ಜಯನಗರಕ್ಕೆ ಉದ್ಯಾನ ಬಂತು, ಕಾಂಪ್ಲೆಕ್ಸ್ ಬಂತು. ಮೋಚಿಗೆ ದಕ್ಕಿದ್ದು ಮರದ ನೆರಳು, ಅದೃಷ್ಟ ಇದ್ದರೆ ಲಿಡ್ಕರಿನ ಪೆಟ್ಟಿಗೆ ಅಂಗಡಿ. ಬನಶಂಕರಿ, ಜೆಪಿ ನಗರಗಳಲ್ಲೂ ಅಷ್ಟೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸೇವೆ ಕೊಡುವವರನ್ನೂ ಒಳಗೊಳ್ಳುತ್ತದೆ, ಆದರೂ ಎಬ್ಬಿಸುವವರ ಭಯ ಹೋಗಿಲ್ಲ. ಅಸಲಿ ಯಾವುದು ಅಂತ ಪತ್ತೆ ಹಚ್ಚಲು ಮರುಮಾರಾಟದ ಕಂಪನಿಗಳು ಪರೀಕ್ಷಕರನ್ನು ಇಟ್ಟುಕೊಳ್ಳುತ್ತವೆ. ಮೋಚಿಗೆ ಉಳಿ ಇಟ್ಟ ಕೂಡಲೇ ತಿಳಿಯುತ್ತದೆ. ತೊಗಲು ಹೊಲಿಗೆಯನ್ನು ಹಿಡಿಯುತ್ತದೆ, ರೆಕ್ಸಿನ್ ಹರಿಯುತ್ತದೆ. ಮತ್ತೆ ಅಟ್ಟೆ ಹಾಕಿಸಿಕೊಳ್ಳಬಲ್ಲದ್ದೇ ಅಸಲಿ ಅನ್ನೋ ಈ ಒರೆಗಲ್ಲು ಯಾವ ಮುದ್ರೆಗಿಂತಲೂ ಗಟ್ಟಿ.

ಲಿಡ್ಕರ್ ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ. ಅಥಣಿಯ ಜೋಡಿನ ಮೇಲೆ ಹೊಲಿದವರ ಹೆಸರು ಒತ್ತಲಿ, ಸವೆದದ್ದನ್ನು ಮಳಿಗೆಯಲ್ಲೇ ವಾಪಸ್ ಪಡೆಯಲಿ, ಬೀದಿಯ ಮೋಚಿಗೆ ಕೂಲಿ ಕೊಟ್ಟು ಸರಿಮಾಡಿಸಿ, ಇದು ಮೆಟ್ಟಿದ ಜೋಡು ಅಂತ ತಿಳಿಸಿಯೇ ಮಾರಲಿ. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 30ನೇ ಕಲಮು ನ್ಯಾಯವಾಗಿ ಕೊಂಡದ್ದನ್ನು ಮರಳಿ ಮಾರುವುದನ್ನು ತಡೆಯುವುದಿಲ್ಲ. ಆದರೆ ಮಾಲಿನ ಸ್ಥಿತಿ ಬದಲಾಗಿದ್ದರೆ ಹೆಸರಿನ ಒಡೆಯ ತಕರಾರು ಎತ್ತಬಹುದು. ಕಂಪನಿಯೊಂದರ ಹಳೆ ಬೂಟಿಗೆ ಹೊಸ ಅಟ್ಟೆ ಹಾಕಿ ಮಾರುವ ಮೋಚಿಯ ಮೇಲೆ ಈ ಕತ್ತಿ ತೂಗುತ್ತಲೇ ಇರುತ್ತದೆ. 2024ರಲ್ಲಿ ದೆಹಲಿ ಹೈಕೋರ್ಟು ದುರಸ್ತಿ ಮಾಡಿದ ಹಾರ್ಡ್ ಡಿಸ್ಕುಗಳನ್ನು, ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಮಾರುವುದಾದರೆ ಮಾರಬಹುದು ಅಂದಿತು. ಆ ನ್ಯಾಯ ಚಪ್ಪಲಿಗೂ ಸಲ್ಲಬೇಕು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ 53ಎ ಅಂತ ಒಂದು ಕಲಮು ಉಂಟು. ಚಿತ್ರವೋ ಶಿಲ್ಪವೋ ಹತ್ತು ಸಾವಿರ ರೂಪಾಯಿಗೆ ಮೀರಿ ಮರುಮಾರಾಟವಾದರೆ ಅದನ್ನು ರಚಿಸಿದ ಕಲಾವಿದನಿಗೆ ಪಾಲು ಸಲ್ಲಬೇಕು, ಹೆಚ್ಚೆಂದರೆ ಶೇಕಡಾ ಹತ್ತು. ಪ್ರಾಡಾದ ಆ ಜೋಡನ್ನು ನಾಳೆ ಯಾರೋ ಅರ್ಧ ಬೆಲೆಗೆ ಮಾರಿದರೂ ಹತ್ತು ಸಾವಿರ ಎಲ್ಲೋ ಹಿಂದೆ ಉಳಿಯುತ್ತದೆ. ಅದನ್ನು ಹೊಲಿದ ಸಮಗಾರನಿಗೆ ಆ ಕಲಮಿನಲ್ಲಿ ಜಾಗ ಇಲ್ಲ.