ಗುಜರಿಗೆ ಹೋದ ಬಸ್ಸು

ಹೈದರಾಬಾದಿನಲ್ಲಿ ಒಂದು ಹಳೇ ಆಲ್ಬಿಯನ್ ಬಸ್ಸು ಉಳಿಸಿಟ್ಟಿದ್ದಾರೆ. 1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳಿಂದ ಸಾರಿಗೆ ಶುರುಮಾಡಿತಲ್ಲ, ಆ ಕಾಲದ್ದು. ಸ್ಕಾಟ್ಲೆಂಡಿನ ಗ್ಲಾಸ್ಗೋ ಕಂಪನಿಯದು. ಆಂಧ್ರದ ಸರ್ಕಾರಿ ಬಸ್ಸಿಗೆ ಮೂಲ ಅದೇ ಅಂತಾರೆ. ಇರಲಿ. ಆದರೆ ನಮ್ಮ ಅನಂತಪುರ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅದು ಈ ಕಡೆಯ ಬಸ್ಸಲ್ಲ.

ನಮ್ಮ ಹಿರಿಯರು ನೆನೆಸೋದು ಲೇಲ್ಯಾಂಡನ್ನ. ಬ್ರಿಟನ್ನಿನ ಆ ಕಂಪನಿ 1950ರಲ್ಲಿ ಮದ್ರಾಸಿನ ಅಶೋಕ್ ಮೋಟಾರ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. 1955ರಲ್ಲಿ ಅದೇ ಅಶೋಕ್ ಲೇಲ್ಯಾಂಡ್ ಆಯ್ತು. (ಆಲ್ಬಿಯನ್ನೂ 1951ರಲ್ಲಿ ಲೇಲ್ಯಾಂಡಿನ ಪಾಲಾಯಿತು ಅನ್ನೋದು ಬೇರೆ ಮಾತು.) ರಾಯದುರ್ಗ, ಮಡಕಶಿರಾದ ದಾರೀಲಿ ಓಡಿ ಸವೆದ ಗಾಡಿಗಳು ತೂಕದ ಲೆಕ್ಕಕ್ಕೆ ಗುಜರಿಗೆ ಹೋದವು. ನಾನು ಹುಡುಕಿದ ಕಡೆ ಒಂದು ಬೋರ್ಡೂ ಸಿಗಲಿಲ್ಲ. ಹಳೇ ಟಿಕೆಟ್ಟು, ಹಾರನ್ನು, ಬಸ್ಸಿನ ಮುಂದೆ ನಿಂತ ಮದುವೆ ದಿಬ್ಬಣದ ಫೋಟೋ ಯಾರ ಮನೇಲಾದ್ರೂ ಇದ್ದರೆ ವಾಚನಾಲಯಕ್ಕೆ ತಂದುಕೊಡಿ.