ಧೋಬಿ ಘಾಟಿನಿಂದ ಮಾರಿಯಮ್ಮನ ಗುಡಿಯವರೆಗೆ

ಮಹಾಲಕ್ಷ್ಮಿ ಸ್ಟೇಶನ್ನಿನ ಸೇತುವೆಯ ಮೇಲಿಂದ ಧೋಬಿ ಘಾಟನ್ನು ಇಣಿಕಿ ನೋಡದ ಮುಂಬಯಿ ಕನ್ನಡಿಗರು ವಿರಳ. ಅದೇ ಹೆಸರನ್ನು ಸಿಂಗಪುರದ ನೆಲದಡಿಯ ರೈಲು ನಿಲ್ದಾಣವೊಂದರ ಗೋಡೆಯ ಮೇಲೆ ಓದಿದಾಗ ನನಗಾದ ಬೆರಗು ಅಷ್ಟಿಷ್ಟಲ್ಲ. ಮೇಲೆ ಬಂದು ನೋಡಿದರೆ ಒಗೆಯುವ ಕಲ್ಲೂ ಇಲ್ಲ, ಒಣಹಾಕಿದ ಬಟ್ಟೆಯೂ ಇಲ್ಲ. ಎತ್ತ ನೋಡಿದರೂ ಗಾಜು ಹೊದ್ದ ಅಂಗಡಿಗಳು, ವಾಹನಗಳ ಸಾಲು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಹರಿಯುತ್ತಿದ್ದ ತೊರೆಯಲ್ಲಿ ಬಂಗಾಳದಿಂದಲೂ ಮದರಾಸಿನಿಂದಲೂ ಬಂದ ಅಗಸರು ಬಟ್ಟೆ ಒಗೆಯುತ್ತಿದ್ದರು. ತೊರೆ ಕಾಲುವೆಯಾಯಿತು, ಅಗಸರು ಹೋದರು, ಹೆಸರು ಮಾತ್ರ ನಿಂತಿತು.

ಆ ಹೆಸರೇ ನನ್ನನ್ನು ರೈಲಿನಿಂದ ಇಳಿಸಿ ದಾರಿಗೆ ಹಚ್ಚಿತು. ಜೊತೆಗಾರರಿದ್ದರೆ ಊರು ನೋಡುವುದಕ್ಕಿಂತ ಮಾತೇ ಹೆಚ್ಚಾಗುತ್ತದೆ; ಬಸ್ಸಿನಲ್ಲಿ ಕುಳಿತರೆ ಬೀದಿಯ ಹಲಗೆಗಳು ಓದುವ ಮೊದಲೇ ಹಿಂದೆ ಸರಿಯುತ್ತವೆ. ಒಬ್ಬನೇ ನಡೆಯುವವನಿಗೆ ಎಲ್ಲಿ ಬೇಕಾದರೂ ನಿಲ್ಲುವ ಸ್ವಾತಂತ್ರ್ಯವುಂಟು. ಧೋಬಿ ಘಾಟಿನಿಂದ ಸೌತ್ ಬ್ರಿಜ್ ರೋಡಿನ ಮಾರಿಯಮ್ಮನ ಗುಡಿಗೆ ಮೂರು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆದರೆ ಆ ದಾರಿಯಲ್ಲಿ ನಮ್ಮ ದೇಶದ ಚರಿತ್ರೆಯ ಮರೆತುಹೋದ ಒಂದು ಪುಟವಿದೆ.

ಮೊದಲು ಸಿಗುವುದು ಬ್ರಾಸ್ ಬಾಸಾ ರೋಡ್. ಮಲಯ ಭಾಷೆಯಲ್ಲಿ ಇದರ ಅರ್ಥ ‘ಒದ್ದೆ ಅಕ್ಕಿ’. ಅದನ್ನು ಅಡ್ಡಹಾಯುವ ಬೀದಿಯ ಹೆಸರು ಬೆನ್‌ಕೂಲನ್ ಸ್ಟ್ರೀಟ್. ಬೆನ್‌ಕೂಲನ್ ಎಂಬುದು ಸುಮಾತ್ರಾ ದ್ವೀಪದ ಕರಾವಳಿಯಲ್ಲಿ ಇಂಗ್ಲಿಷರಿಗಿದ್ದ ಠಾಣ್ಯ. ಈಸ್ಟ್ ಇಂಡಿಯಾ ಕಂಪೆನಿಯವರು ನಮ್ಮ ದೇಶದಲ್ಲಿ ಶಿಕ್ಷೆಗೊಳಗಾದ ಕೈದಿಗಳನ್ನು ಸಮುದ್ರ ದಾಟಿಸಿ ಅಲ್ಲಿಗೆ ಕಳಿಸುತ್ತಿದ್ದರು. 1824ರ ಒಪ್ಪಂದದಂತೆ ಆ ಠಾಣ್ಯ ಡಚ್ಚರ ಪಾಲಾದಾಗ ಕೈದಿಗಳನ್ನು ಅಲ್ಲಿಂದ ತೆಗೆಯಬೇಕಾಯಿತು. ರಾಫಲ್ಸನು 1819ರಲ್ಲಿ ನೆಲೆಗೊಳಿಸಿದ ಸಿಂಗಪುರ ಆಗಿನ್ನೂ ಎಳೆಯ ಊರು. ಕಾಡು ಕಡಿಯಲು, ಜೌಗು ತುಂಬಲು ಆಳುಗಳು ಬೇಕಾಗಿದ್ದರು. 1825ರ ಏಪ್ರಿಲ್ 18ರಂದು ಮದರಾಸಿನ ಕಡೆಯ 80 ಕೈದಿಗಳು ಇಲ್ಲಿ ಬಂದಿಳಿದರು. ವಾರದ ಬಳಿಕ ಬಂಗಾಳದ ಕಡೆಯ 122 ಮಂದಿ ಬಂದರು. ಆಮೇಲೆ ಮದರಾಸು, ಬಂಗಾಳ, ಮುಂಬಯಿ ಈ ಮೂರೂ ಪ್ರೆಸಿಡೆನ್ಸಿಗಳಿಂದ ನೇರವಾಗಿಯೇ ಹಡಗುಗಳು ಬರತೊಡಗಿದವು. ಶತಮಾನದ ನಡುವಿನ ಹೊತ್ತಿಗೆ ಇಲ್ಲಿ ಸುಮಾರು ಎರಡು ಸಾವಿರ ಕೈದಿಗಳಿದ್ದರು. ಅವರ ದೊಡ್ಡ ಸೆರೆಮನೆ ಇದ್ದುದು ಇದೇ ಬ್ರಾಸ್ ಬಾಸಾದಲ್ಲಿ.

ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಮದರಾಸು ಪ್ರೆಸಿಡೆನ್ಸಿಗೆ, ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರೆಸಿಡೆನ್ಸಿಗೆ ಸೇರಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಆ ಹಡಗುಗಳಲ್ಲಿ ಕನ್ನಡದಲ್ಲಿ ಅತ್ತವರು ಒಬ್ಬರೂ ಇರಲಿಲ್ಲವೆಂದು ಯಾರು ಹೇಳಿಯಾರು?

ಅವರೆಲ್ಲ ನಿರಪರಾಧಿಗಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಕೊಲೆ, ದರೋಡೆ, ಠಕ್ಕತನಗಳಿಗಾಗಿ ಶಿಕ್ಷೆ ಹೊಂದಿದವರು ಅವರಲ್ಲಿ ಬಹಳ ಮಂದಿ ಇದ್ದರು. ಕಂಪೆನಿಯ ವಿರುದ್ಧ ಕತ್ತಿ ಎತ್ತಿದವರೂ ಇದ್ದರು. ಪಂಜಾಬಿನ ಭಾಯಿ ಮಹಾರಾಜ ಸಿಂಗರನ್ನು 1850ರಲ್ಲಿ ಇಲ್ಲಿಗೆ ತಂದು ಸೆರೆಯಲ್ಲಿಟ್ಟರು. 1856ರಲ್ಲಿ ಅವರು ಸೆರೆಯಲ್ಲೇ ತೀರಿಕೊಂಡರು. ಆದರೆ ಎಲ್ಲರಿಗೂ ಸಮಾನವಾಗಿದ್ದುದು ಕಾಳಾಪಾನಿಯ ಭಯ. ಸಮುದ್ರ ದಾಟಿದವನಿಗೆ ಜಾತಿಯೂ ಇಲ್ಲ, ಊರೂ ಇಲ್ಲ. ಬಂಗಾಳ, ಮದರಾಸುಗಳ ಕಡೆಯ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚುತ್ತಿದ್ದರು. 1849ರಲ್ಲಿ ಈ ಪದ್ಧತಿ ನಿಂತರೂ ಒಮ್ಮೆ ಚುಚ್ಚಿದ್ದು ಹೋಗುವಂತಿರಲಿಲ್ಲ. ನಮ್ಮವರು ಹಣೆಬರಹವೆಂದು ಬಾಯಿಮಾತಿಗೆ ಹೇಳುವುದನ್ನು ಈ ಜನ ಚರ್ಮದ ಮೇಲೆಯೇ ಹೊತ್ತು ತಿರುಗಿದರು.

ಇಲ್ಲಿನ ಸೆರೆಮನೆಯ ಒಂದು ವಿಶೇಷವೆಂದರೆ, ಕೈದಿಗಳನ್ನು ಕಾಯುವವರನ್ನು ಕೈದಿಗಳಲ್ಲೇ ಆರಿಸುತ್ತಿದ್ದುದು. ಕೈದಿಗಳನ್ನು ಆರು ವರ್ಗಗಳಾಗಿ ವಿಂಗಡಿಸಿದ್ದರು. ಹೊಸಬನು ಕಾಲಿಗೆ ಸಂಕೋಲೆ ತೊಟ್ಟು ರಸ್ತೆಯ ಕೆಲಸ ಮಾಡಬೇಕು. ನಡತೆ ಚೆನ್ನಾಗಿದ್ದರೆ ಸಂಕೋಲೆ ಬಿಚ್ಚಿ, ಕೆಲಸ ಕಲಿಸಿ ಮೇಲಿನ ವರ್ಗಕ್ಕೆ ಏರಿಸುವರು. ಮೊದಲ ವರ್ಗಕ್ಕೇರಿದವನು ಹೊರಗೆ ವಾಸಮಾಡಿ ತನ್ನ ದುಡಿಮೆಯಿಂದ ಜೀವಿಸಬಹುದು. ಹೀಗೆ ಕಳ್ಳ ದರೋಡೆಗಾರರು ಬಡಗಿಗಳಾದರು, ಕಮ್ಮಾರರಾದರು, ಇಟ್ಟಿಗೆ ಸುಡುವವರಾದರು, ಕಲ್ಲು ಕಡಿಯುವವರಾದರು. ತೋಟದ ಕೂಲಿಗಳನ್ನು ತಿನ್ನುತ್ತಿದ್ದ ಹುಲಿಗಳನ್ನು ಬೇಟೆಯಾಡಲೂ ಅವರನ್ನೇ ಕಳಿಸುತ್ತಿದ್ದರು! ಈ ವ್ಯವಸ್ಥೆಯಲ್ಲಿ ದಯೆಯೂ ಇತ್ತು, ಲಾಭದ ಲೆಕ್ಕವೂ ಇತ್ತು. ಸಂಬಳ ಕೇಳದ, ಬಿಟ್ಟು ಹೋಗಲಾರದ ಆಳುಗಳು ಸರ್ಕಾರಕ್ಕೆ ಇನ್ನೆಲ್ಲಿ ಸಿಕ್ಕಾರು?

ಬ್ರಾಸ್ ಬಾಸಾದಿಂದ ಬಲಕ್ಕೆ ಹೊರಳಿ ನಾರ್ತ್ ಬ್ರಿಜ್ ರೋಡಿನಲ್ಲಿ ಸ್ವಲ್ಪ ನಡೆದರೆ ಹಸುರು ಹುಲ್ಲಿನ ನಡುವೆ ಹಾಲುಬಿಳುಪಿನ ಸೇಂಟ್ ಆಂಡ್ರೂಸ್ ಇಗರ್ಜಿ ಕಾಣಿಸುತ್ತದೆ. ಮೊದಲು ಇಲ್ಲಿದ್ದ ಇಗರ್ಜಿಗೆ ಎರಡು ಬಾರಿ ಸಿಡಿಲು ಬಡಿದು, ಅದನ್ನು ಕೆಡವಬೇಕಾಯಿತು. ಈಗಿನ ಕಟ್ಟಡದ ಅಡಿಗಲ್ಲನ್ನು ಇಟ್ಟದ್ದು 1856ರಲ್ಲಿ. ಮೊದಲ ಪ್ರಾರ್ಥನೆ ನಡೆದದ್ದು 1861ರಲ್ಲಿ. ನಕ್ಷೆ ಕರ್ನಲ್ ಮ್ಯಾಕ್‌ಫರ್ಸನ್ನನದು, ಕೈಗಳು ಕೈದಿಗಳವು. ಗೋಡೆಗೆ ಬಳಿದದ್ದು ಮದರಾಸು ಗಾರೆ. ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಬಿಳಿಯನ್ನೂ ಒರಟು ಸಕ್ಕರೆಯನ್ನೂ ಸೇರಿಸಿ, ತೆಂಗಿನ ಸಿಪ್ಪೆ ನೆನೆಸಿದ ನೀರಿನಲ್ಲಿ ಹದಮಾಡಿ, ಬಳಿದು ಒಣಗಿದ ಮೇಲೆ ಸ್ಫಟಿಕದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿದರು. ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಚಿಪ್ಪಿನ ಸುಣ್ಣದ ಗೋಡೆಗೆ ಒರಗಿ ಬೆಳೆದವರಿಗೆ ಈ ಪಾಕ ಹೊಸತೇನಲ್ಲ. ಹಿಂದೂಗಳೂ ಮುಸಲ್ಮಾನರೂ ಆಗಿದ್ದ ಕೈದಿಗಳು ತಮ್ಮದಲ್ಲದ ದೇವರಿಗೆ, ತಮ್ಮದಲ್ಲದ ನಾಡಿನಲ್ಲಿ ಕಟ್ಟಿದ ಮನೆ ಇದು. 1867ರಿಂದ 1869ರವರೆಗೆ ಮೇಜರ್ ಮ್ಯಾಕ್‌ನೇರನ ಕೈಕೆಳಗೆ ಗವರ್ನರನ ಅರಮನೆಯನ್ನು ಕಟ್ಟಿದವರೂ ಇವರೇ. ಇಂದು ‘ಇಸ್ತಾನಾ’ ಎಂಬ ಹೆಸರಿನಿಂದ ಅದು ಅಧ್ಯಕ್ಷರ ಅಧಿಕೃತ ನಿವಾಸವಾಗಿದೆ.

ಇಗರ್ಜಿಯ ಪಕ್ಕದ ಬೀದಿಯ ಹಲಗೆ ನೋಡಿದೆ: ಕೋಲ್‌ಮನ್ ಸ್ಟ್ರೀಟ್. ಕೈದಿಗಳಿಂದ ರಸ್ತೆ ಹಾಕಿಸಿದ ಇಂಜಿನಿಯರನು ಆತ. ಮ್ಯಾಕ್‌ಫರ್ಸನ್ನನ ಹೆಸರಿನಲ್ಲೂ ರಸ್ತೆಯಿದೆ, ಮ್ಯಾಕ್‌ನೇರನ ಹೆಸರಿನಲ್ಲೂ ಇದೆ. ಮಹಾರಾಜ ಸಿಂಗರಿಗೆ ಸಿಲಾಟ್ ರೋಡಿನ ಗುರುದ್ವಾರದಲ್ಲಿ ಸ್ಮಾರಕವಿದೆ. ಗಾರೆ ಕಲಸಿದವರ, ಕಲ್ಲು ಹೊತ್ತವರ ಹೆಸರನ್ನು ನಾನು ನಡೆದ ದಾರಿಯ ಯಾವ ಹಲಗೆಯಲ್ಲೂ ಕಾಣಲಿಲ್ಲ.

1857ರ ದಂಗೆಯ ಸುದ್ದಿ ಬಂದಾಗ ಇಲ್ಲಿನ ಐರೋಪ್ಯರು ಬೆದರಿದರು. ಇಂಡಿಯಾದ ಬಂಡಾಯಗಾರರನ್ನು ತಮ್ಮ ಊರಿಗೆ ಕಳಿಸಕೂಡದೆಂದು ಕೂಗೆಬ್ಬಿಸಿದರು. ಮರುವರ್ಷ ಅಂಡಮಾನಿನಲ್ಲಿ ಪೋರ್ಟ್ ಬ್ಲೇರ್ ವಸಾಹತು ಆರಂಭವಾಯಿತು. 1867ರಲ್ಲಿ ಸಿಂಗಪುರ ಇಂಡಿಯಾ ಸರ್ಕಾರದ ಆಡಳಿತದಿಂದ ಬೇರೆಯಾಯಿತು. 1873ರಲ್ಲಿ ಸೆರೆಮನೆ ಮುಚ್ಚಿತು. ಬಿಡುಗಡೆಯಾಗದೆ ಉಳಿದವರನ್ನು ಅಂಡಮಾನಿಗೆ ಸಾಗಿಸಿದರು. ಬಿಡುಗಡೆ ಪಡೆದವರಲ್ಲಿ ಅನೇಕರು ಊರಿಗೆ ಮರಳದೆ ಇಲ್ಲಿಯೇ ಮನೆ ಮಾಡಿ ಜನರಲ್ಲಿ ಬೆರೆತುಹೋದರು.

ಎಲ್ಗಿನ್ ಸೇತುವೆಯ ಮೇಲೆ ನದಿ ದಾಟಿದರೆ ಅದೇ ರಸ್ತೆ ಸೌತ್ ಬ್ರಿಜ್ ರೋಡ್ ಆಗುತ್ತದೆ. ಮುಂದೆ ಚೀನೀ ಅಂಗಡಿಗಳ ನಡುವೆ ಮಾರಿಯಮ್ಮನ ಗೋಪುರ. ರಾಫಲ್ಸನು ಎರಡನೆಯ ಸಲ ಬಂದಾಗ ಜೊತೆಗೆ ಬಂದ ನಾರಾಯಣ ಪಿಳ್ಳೆ ಎಂಬಾತ ಇಟ್ಟಿಗೆ ಗೂಡು ಹಾಕಿ, ವ್ಯಾಪಾರ ಮಾಡಿ, 1827ರಲ್ಲಿ ಮರ ಮತ್ತು ಗರಿಗಳಿಂದ ಈ ಗುಡಿಯನ್ನು ಕಟ್ಟಿದ. ಇದು ಈ ಊರಿನ ಅತ್ಯಂತ ಹಳೆಯ ಹಿಂದೂ ದೇವಾಲಯ. ದೀಪಾವಳಿಗೆ ಮುಂಚೆ ಪ್ರತಿವರ್ಷ ಇಲ್ಲಿ ಭಕ್ತರು ಕೆಂಡ ಹಾಯುತ್ತಾರೆ. ರೋಗರುಜಿನದಿಂದ ಕಾಯೆಂದು ನಮ್ಮ ಹಳ್ಳಿಗಳಲ್ಲಿ ಹರಕೆ ಹೊರುವುದು ಇದೇ ತಾಯಿಗೆ ತಾನೆ?

ಗುಡಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತೆ. ಹೊಟ್ಟೆಪಾಡಿಗೆ ಊರು ಬಿಟ್ಟು ಮುಂಬಯಿ ಸೇರಿದವರ ಮಕ್ಕಳು ನಾವು. ನಮ್ಮ ಹಿರಿಯರು ಸಂಕೋಲೆ ತೊಟ್ಟು ಬಂದವರಲ್ಲ, ನಿಜ. ಆದರೆ ಅವರು ದುಡಿದ ಗಿರಣಿ, ಗೋದಿ, ಹೋಟೆಲುಗಳ ಮೇಲೂ ಅವರ ಹೆಸರಿಲ್ಲ. ಅವರ ನೆನಪು ಉಳಿದಿದ್ದರೆ ಅದು ನಾವು ಮನೆಯಲ್ಲಿ ಹೇಳಿಕೊಳ್ಳುವ ಮಾತಿನಲ್ಲಿ. ಈ ಕೈದಿಗಳಿಗೆ ಹಾಗೆ ಹೇಳಿಕೊಳ್ಳುವ ಮನೆಯೂ ಬಹುಮಟ್ಟಿಗೆ ಇಲ್ಲವಾಯಿತು.

ಸಿಂಗಪುರಕ್ಕೆ ಹೋಗುವ ನಮ್ಮವರು ಈಗ ಬಹಳ. ಅಂಗಡಿಗಳಿಗೆ ಮೀಸಲಿಟ್ಟ ಸಮಯದಲ್ಲಿ ಒಂದು ಬೆಳಗನ್ನು ಈ ದಾರಿಗೆ ಕೊಡಿ. ಬಿಸಿಲೇರುವ ಮುನ್ನ, ಸಾಧ್ಯವಾದರೆ ಒಬ್ಬರೇ ನಡೆಯಿರಿ. ಇಗರ್ಜಿಯ ಬಿಳಿ ಗೋಡೆಯ ಮುಂದೆ ಎರಡು ನಿಮಿಷ ನಿಲ್ಲಿ. ಆ ಗಾರೆಯನ್ನು ತಿಕ್ಕಿ ಹೊಳಪಿಟ್ಟವರು ನಮ್ಮ ಕಡೆಯಿಂದ ಹೋದವರು.